ಹಿಂದಿನ ಸಂಜೆಯೇ ಬರುವ ಅತ್ತೆ

ನಮ್ಮ ಅತ್ತೆ ಸೇರದ ಕೋರ್ಸಿಲ್ಲ. ಸೇರಿದ ಯಾವ ಕೋರ್ಸಿನಲ್ಲೂ ಅವರು ಕಲಿತದ್ದೂ ಇಲ್ಲ! ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಯಾರಾದರೂ ಅಣಬೆ ಬೆಳೆಸುವುದನ್ನು ಕಲಿಸಲಿ, ಜೇನು ಸಾಕುವುದನ್ನು ಕಲಿಸಲಿ, ಗಿಡಕ್ಕೆ ಕಸಿ ಕಟ್ಟುವುದನ್ನು ಕಲಿಸಲಿ, ಏನೂ ಕಲಿಸದೆ ಹೊಳೆಬದಿಯಲ್ಲಿ ಸುಮ್ಮನೆ ನಡೆಸಿಕೊಂಡು ಹೋಗಲಿ, ಅಲ್ಲಿ ನಮ್ಮ ಅತ್ತೆ ಇದ್ದೇ ಇರುತ್ತಾರೆ. ಅವರಿಗೆ ಸಿಕ್ಕಿದ ಸರ್ಟಿಫಿಕೇಟುಗಳನ್ನು ನೋಡಬೇಕಾದರೆ ನೀವು ಅವರ ಅಡುಗೆಮನೆಗೆ ಹೋಗಬೇಕು. ಉಪ್ಪಿನಕಾಯಿ ಭರಣಿಗಳ ಕೆಳಗೆ ಹಾಸಿದ್ದಾರೆ. ಲ್ಯಾಮಿನೇಶನ್ ಮಾಡಿದ ಕಾಗದಕ್ಕೆ ಎಣ್ಣೆ ಹಿಡಿಯುವುದಿಲ್ಲ ಎಂಬುದೊಂದನ್ನು ಇಷ್ಟೂ ಕೋರ್ಸುಗಳಿಂದ ಕಲಿತಿದ್ದಾರೆ ಎಂದು ಬೇಕಾದರೆ ಹೇಳಬಹುದು.

ಅತ್ತೆ ಎಂದರೆ ಗಂಡನ ತಾಯಿಯಲ್ಲ. ಅವರ ವಿಷಯವನ್ನು ಹೀಗೆ ಬರೆದು ಮನೆಯೊಳಗೆ ಬದುಕುವ ಧೈರ್ಯ ಯಾರಿಗಿದೆ? ಇವರು ನನ್ನ ಅಪ್ಪನ ತಂಗಿ. ಐವರ್ನಾಡಿನಲ್ಲಿ ಸ್ವಲ್ಪ ಅಡಿಕೆ, ಸ್ವಲ್ಪ ರಬ್ಬರು ಇರುವ ಮನೆ. ಮಾವನಿಗೆ ಮಾತು ಕಡಿಮೆ. ಅತ್ತೆ ಕೋರ್ಸಿಗೆ ಹೊರಟ ದಿನ ಅವರು ಟಿವಿಯನ್ನು ತಮಗೆ ಬೇಕಾದಷ್ಟು ದೊಡ್ಡದಾಗಿ ಇಟ್ಟು ನೆಮ್ಮದಿಯಿಂದ ಊಟ ಮಾಡುತ್ತಾರೆ. ನಾನು ಪುತ್ತೂರಿನಲ್ಲಿ ಶಾಲೆಯ ಟೀಚರು. ಅತ್ತೆ ಎಲ್ಲಿಗೆ ಹೋಗುವುದಾದರೂ ಪುತ್ತೂರಿನಲ್ಲಿ ಬಸ್ಸು ಬದಲಿಸುವುದರಿಂದ, ಹೋದಲ್ಲೆಲ್ಲ ನನ್ನ ಫೋನ್ ನಂಬರನ್ನೇ ಕೊಡುವುದರಿಂದ, ಕೋರ್ಸು ಅವರಿಗೆ, ನಾಚಿಕೆ ನನಗೆ ಎಂದು ಪಾಲಾಗಿಬಿಟ್ಟಿದೆ.

ಕಳೆದ ವಾರ ಈ ಅತ್ತೆಗೆ, "ಭಾನುವಾರದ ನಮ್ಮ ಶಿಬಿರಕ್ಕೆ ದಯವಿಟ್ಟು ನೀವು ಬರಬೇಡಿ" ಎಂದು ಹೇಳುವ ಕೆಲಸ ನನ್ನ ತಲೆಯ ಮೇಲೆ ಬಂತು. ಸ್ವಂತ ಅತ್ತೆಗೆ ಬರಬೇಡಿ ಎನ್ನುವುದೇ ಎಂದು ಹುಬ್ಬೇರಿಸಬೇಡಿ. ಮೊದಲಿನಿಂದ ಕೇಳಿದರೆ ನೀವೂ ನನ್ನ ಪಕ್ಷವನ್ನೇ ವಹಿಸುತ್ತೀರಿ.

ಇದನ್ನು ಹೇಳುವ ಮೊದಲು ನಮ್ಮ ಕಡೆಯ ಒಂದು ಕ್ರಮವನ್ನು ತಿಳಿಸಬೇಕು. ಮದುವೆ, ಮುಂಜಿ, ಗೃಹಪ್ರವೇಶ ಎಂದು ಯಾರ ಮನೆಯಲ್ಲಿ ಜಂಬರವಿದ್ದರೂ ನೆರೆಕರೆಯವರು ಹಿಂದಿನ ಸಂಜೆಯೇ ತಮ್ಮ ತಮ್ಮ ಕತ್ತಿ ಹಿಡಿದುಕೊಂಡು ಆ ಮನೆಗೆ ಹೋಗುತ್ತಾರೆ. ಜಗಲಿಯಲ್ಲಿ ಚಾಪೆ ಹಾಸಿ, ಸುತ್ತ ಕೂತು, ಮರುದಿನದ ಅಡುಗೆಗೆ ಬೇಕಾದ ಸೌತೆ, ಕುಂಬಳ, ಸುವರ್ಣಗೆಡ್ಡೆಯೆಲ್ಲ ಹೆಚ್ಚಿಕೊಡುತ್ತಾರೆ. ಮಧ್ಯಾಹ್ನದ ಊಟಕ್ಕೆ ಯಾರನ್ನು ಬೇಕಾದರೂ ಕರೆಯಬಹುದು. ಹಿಂದಿನ ಸಂಜೆಗೆ ಕರೆಯುವುದು ತೀರಾ ಬೇಕಾದವರನ್ನು ಮಾತ್ರ. ಕರೆಯುವುದು ಎಂದರೆ ಮನೆಗೇ ಹೋಗಿ, ಜಗಲಿಯಲ್ಲಿ ಕೂತು, ಬೆಲ್ಲ ನೀರು ಕುಡಿದು, ಬಾಯಿಬಿಟ್ಟು ಹೇಳಬೇಕು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಅತ್ತೆ ಹಾಲಿನ ಸೊಸೈಟಿಯ ಗೋಡೆಯಲ್ಲಿ ಮೊದಲ ಕೋರ್ಸಿನ ನೋಟೀಸು ನೋಡಿದಾಗ ಅದರ ಕೊನೆಯಲ್ಲಿ, "ಆಸಕ್ತರೆಲ್ಲರಿಗೂ ಆದರದ ಸ್ವಾಗತ. ಇದನ್ನೇ ವೈಯಕ್ತಿಕ ಆಮಂತ್ರಣವೆಂದು ಭಾವಿಸಿ" ಎಂದು ಇತ್ತಂತೆ. ನಾವು ನೀವು ಇಂಥದ್ದನ್ನು ಓದಿ ಮುಂದೆ ಹೋಗುತ್ತೇವೆ. ಅತ್ತೆ ಭಾವಿಸಿಬಿಟ್ಟರು!

ಅದು ಪುತ್ತೂರಿನ ಒಂದು ಸಭಾಭವನದಲ್ಲಿ ನಡೆದ ಅಣಬೆ ಬೇಸಾಯದ ತರಬೇತಿ. ಹಿಂದಿನ ಸಂಜೆ ನಾನು ಮಕ್ಕಳ ಪೇಪರು ತಿದ್ದುತ್ತಾ ಇದ್ದಾಗ ಸಭಾಭವನದ ವಾಚ್‌ಮನ್ ಫೋನು ಮಾಡಿದ.

"ಮೇಡಂ, ಇಲ್ಲಿ ಒಬ್ರು ಅಮ್ಮ ಬಂದು ಕೂತಿದ್ದಾರೆ. ಬೀಗ ತೆಗಿ ಅಂತ ಹೇಳ್ತಾರೆ. ಅವರ ಚೀಲದಲ್ಲಿ ಕತ್ತಿ ಉಂಟು."

ಸ್ಕೂಟರಿನಲ್ಲಿ ಓಡಿದೆ. ಅತ್ತೆ ಮೆಟ್ಟಿಲಲ್ಲಿ ಕೂತಿದ್ದರು. ವಾಚ್‌ಮನ್ ಗೇಟಿನ ಹೊರಗೆ ನಿಂತಿದ್ದ. ತಾನು ಕಾಯುವ ಕಟ್ಟಡಕ್ಕೆ ಹೊರಗಿನಿಂದ ಕಾವಲು ನಿಂತ ವಾಚ್‌ಮನ್ನನ್ನು ನಾನು ಅದೇ ಮೊದಲು ನೋಡಿದ್ದು.

"ಅತ್ತೆ, ಕೋರ್ಸು ನಾಳೆ ಅಲ್ವಾ?"

"ನಾಳೆಯೇ. ಅದಕ್ಕೇ ಇವತ್ತು ಬಂದದ್ದು. ಇಷ್ಟು ಜನರಿಗೆ ಊಟ ಅಂತ ಬರ್ದಿದ್ದಾರೆ, ಒಂದು ಸೌತೆಕಾಯಿ ಸಹಾ ಬಂದು ಬಿದ್ದಿಲ್ಲ ಇಲ್ಲಿ. ಎಂತ ಜನ ಮಾರಾಯ್ತಿ ಇವರು?"

ವಾಚ್‌ಮನ್ ನನ್ನ ಮುಖ ನೋಡಿ, "ನಿಮ್ಮ ಮನೆಯವರಾ?" ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರ ಕೊಡುವಾಗ ನನ್ನ ಸ್ವರ ನನಗೇ ಕೇಳಿಸಲಿಲ್ಲ. ಮರುದಿನ ಅತ್ತೆ ತರಬೇತಿಯುದ್ದಕ್ಕೂ ಹಿಂದಿನ ಶೆಡ್ಡಿನಲ್ಲಿ ಅಡುಗೆಯವರ ಜೊತೆ ತೆಂಗಿನಕಾಯಿ ತುರಿಯುತ್ತಿದ್ದರಂತೆ. ಸಂಜೆ ಸರ್ಟಿಫಿಕೇಟು, ಅಣಬೆಯ ಬೀಜ, ಪ್ಲಾಸ್ಟಿಕ್ ಚೀಲ ಎಲ್ಲ ತಂದು ಮನೆಯ ಕೊಟ್ಟಿಗೆಯಲ್ಲಿ ನೇತು ಹಾಕಿದರು. ಅದರಲ್ಲಿ ಇರುವೆ ಚೆನ್ನಾಗಿ ಬೆಳೆಯಿತು.

ಇನ್ನೊಮ್ಮೆ ಕಡಬದ ಹತ್ತಿರ ಹಕ್ಕಿ ನೋಡುವ ನಡಿಗೆ. ಅದಕ್ಕೆ ನನ್ನನ್ನೂ ಎಳೆದುಕೊಂಡು ಹೋದರು. ಕರೆದುಕೊಂಡು ಹೋಗುವ ಹುಡುಗ ತುಂಬ ಮೆತ್ತಗಿನವನು. "ಯಾರೂ ಮಾತಾಡಬೇಡಿ, ಎಲೆಯ ಮೇಲೆ ಕಾಲಿಟ್ಟು ಸದ್ದು ಮಾಡಬೇಡಿ" ಎಂದು ಮೊದಲೇ ಕೈಮುಗಿದು ಹೇಳಿದ್ದ. ಅತ್ತೆ ತುಂಬ ಹೊತ್ತು ಸುಮ್ಮನಿದ್ದರು, ನಿಜ. ಅವರ ಕೈಗೂ ಒಂದು ದುರ್ಬೀನು ಕೊಟ್ಟಿದ್ದರಲ್ಲ! ಎಲ್ಲರೂ ಮರದ ತುದಿ ನೋಡುವಾಗ ಅವರು ಅದರಲ್ಲಿ ಬೇಲಿಯಾಚೆಯ ಅಡಿಕೆಗೊನೆಗಳನ್ನು ನೋಡುತ್ತಿದ್ದರು. "ಇವರದ್ದು ಮದ್ದು ಬಿಟ್ಟದ್ದು ಸರಿ ಆಗ್ಲಿಲ್ಲ, ಕೊಳೆರೋಗ ಬಂದಿದೆ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಅಷ್ಟಕ್ಕೇ ನಿಂತಿದ್ದರೆ ನಾನು ದೇವರಿಗೆ ಕಾಯಿ ಒಡೆಸುತ್ತಿದ್ದೆ.

ದಾರಿ ಒಂದು ಮನೆಯ ಅಂಗಳದ ಬದಿಯಿಂದ ಹೋಗುತ್ತಿತ್ತು. ಎದುರಿನ ಮರದಲ್ಲಿ ಮಂಗಟ್ಟೆ ಹಕ್ಕಿ ಬಂದು ಕೂತಿತು. ಹುಡುಗ ಉಸಿರು ಹಿಡಿದು ಬೆರಳು ತೋರಿಸಿದ. ಎಲ್ಲರೂ ಕಲ್ಲಾದರು. ಆಗಲೇ ಅತ್ತೆ ಅಂಗಳಕ್ಕೆ ತಿರುಗಿ, "ಓಯ್, ಮನೆಯಲ್ಲಿ ಯಾರಿದ್ದೀರಿ?" ಎಂದು ಕೂಗಿದರು. ಹಕ್ಕಿ ಹೋಯಿತು. ನಾಯಿ ಬಂತು. ನಾಯಿಯ ಹಿಂದೆ ಮನೆಯಾಕೆ ಬಂದರು.

"ಅಮ್ಮ, ಹಕ್ಕಿ..." ಎಂದ ಹುಡುಗ, ಅಳುವುದೊಂದೇ ಬಾಕಿ.

"ಹಕ್ಕಿ ನಾಳೆಯೂ ಬರ್ತದೆ ಮಗ. ಇಷ್ಟು ಜನ ಅಂಗಳದಲ್ಲೇ ಹೋಗಿ ಒಂದು ಮಾತಾಡದೆ ಹೋದರು ಅಂತ ಇವರಿಗೆ ಬೇಸರ ಆದ್ರೆ ಅದಕ್ಕೆ ಯಾರು ಜವಾಬ್ದಾರಿ?"

ಆ ಮನೆಯಾಕೆಗೆ ಬೇಸರವಾಗುವ ಲಕ್ಷಣವೇನೂ ಕಾಣಲಿಲ್ಲ, ಹೆದರಿಕೆ ಮಾತ್ರ ಇತ್ತು. ಹಸಿರು ಟೊಪ್ಪಿ, ಮೊಣಕಾಲಿನವರೆಗಿನ ಬೂಟು ಹಾಕಿದ ಜನ ಸಾಲಾಗಿ ಬಂದರೆ ಯಾವುದೋ ಇಲಾಖೆಯವರು ಎಂದುಕೊಳ್ಳುವುದು ಸಹಜ. ಆದರೂ ಮನೆಗೆ ಬಂದವರಿಗೆ ಬಾಯಾರಿಕೆಗೆ ಏನಾದರೂ ಕೊಡದೆ ಇರಲಿಕ್ಕಾಗುತ್ತದೆಯೇ? ಎಲ್ಲರಿಗೂ ಮಜ್ಜಿಗೆಯಾಯಿತು, ಹಪ್ಪಳವಾಯಿತು. ಅತ್ತೆ ಲೋಟಗಳನ್ನು ಒಟ್ಟುಮಾಡಿ ಬಾವಿಕಟ್ಟೆಗೆ ತೊಳೆಯಲು ಹೋದರು. ಅದು ಮುಗಿಯುವಾಗ ಬಿಸಿಲೇರಿ, ಹಕ್ಕಿಗಳೆಲ್ಲ ತಮ್ಮ ತಮ್ಮ ಕೆಲಸಕ್ಕೆ ಹೋಗಿಯಾಗಿತ್ತು. ಜೊತೆಗೆ ಬಂದವರೊಬ್ಬರು ನನ್ನ ಹತ್ತಿರ, "ಅವರು ನಿಮ್ಮ ಜೊತೆ ಬಂದವರಲ್ವಾ?" ಎಂದು ಮರ್ಯಾದೆಯಿಂದಲೇ ಕೇಳಿದರು. ನಾನು ದುರ್ಬೀನನ್ನು ಕಣ್ಣಿಗಿಟ್ಟುಕೊಂಡು, ಖಾಲಿ ಮರವನ್ನು ಬಹಳ ಹೊತ್ತು ನೋಡಿದೆ.

ಇಷ್ಟರವರೆಗಿನದ್ದನ್ನು ಸಹಿಸಬಹುದು. ಅದು ಯಾರದೋ ಕೋರ್ಸು, ಯಾರದೋ ಹಕ್ಕಿ. ಈಚೆಗೆ ನಾನೇ ಒಂದು ಶಿಬಿರ ಸುರುಮಾಡಿದೆ ನೋಡಿ, ಅಲ್ಲಿ ಸಿಕ್ಕಿಬಿದ್ದೆ.

ಹಿಂದೆ ನಮ್ಮ ಶಾಲೆಯಲ್ಲೇ ಟೀಚರಾಗಿದ್ದ ಲಿಸ್ಸಿಗೆ ಕೋಡಿಂಬಾಳದಲ್ಲಿ ತೋಟವಿದೆ. ಅವಳ ಅಜ್ಜ ಕೇರಳದಿಂದ ಬಂದು ರಬ್ಬರು ಹಾಕಿದ ಜಾಗ. ತಿಂಗಳಿಗೊಂದು ಭಾನುವಾರ ಪೇಟೆಯವರನ್ನು ಕರೆದು, ತೋಟ ಸುತ್ತಿಸಿ, ತೆಂಗಿನ ಮಡಲು ಹೆಣೆಯುವುದನ್ನು, ಎಳೆ ಹಲಸು ಅಂದರೆ ಗುಜ್ಜೆ ಹೆಚ್ಚಿ ಪಲ್ಯ ಮಾಡುವುದನ್ನು ಅವರ ಕೈಯಿಂದಲೇ ಮಾಡಿಸಿ ಕಲಿಸುವುದೆಂದು ನಾವಿಬ್ಬರೂ ಸೇರಿ ಯೋಚಿಸಿದೆವು. ಲಿಸ್ಸಿ ಟೀಚರ್ ಕೆಲಸ ಬಿಟ್ಟು ಇದನ್ನೇ ನೆಚ್ಚಿಕೊಂಡಿದ್ದಾಳೆ. ಮೊದಲ ಶಿಬಿರದ ಸುದ್ದಿಯನ್ನು ನಾನು ಹೆಮ್ಮೆಯಿಂದ ಅತ್ತೆಗೆ ಫೋನಿನಲ್ಲಿ ಹೇಳಿದೆ. ಸುದ್ದಿ ಮಾತ್ರ ಹೇಳಿದ್ದು, ಬನ್ನಿ ಎಂದಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಂಗಳೂರಿನಿಂದ ಬಂದವರನ್ನೆಲ್ಲ ಪುತ್ತೂರಿನಿಂದ ವ್ಯಾನಿನಲ್ಲಿ ಕೂರಿಸಿಕೊಂಡು ನಾನು ತೋಟ ಮುಟ್ಟಿದೆ. ಲಿಸ್ಸಿ ಗೇಟಿನಲ್ಲೇ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ಟೀಚರೇ, ನಾನು ಎದ್ದು ಬರುವಾಗ ಎಲ್ಲ ಆಗಿತ್ತು."

ಎಲ್ಲ ಎಂದರೆ ಎಲ್ಲ. ಶನಿವಾರ ಸಂಜೆಯೇ ಬಂದಿಳಿದ ಅತ್ತೆ, ಬೆಳಕು ಹರಿಯುವ ಮೊದಲೇ ಎದ್ದು, ಶಿಬಿರಕ್ಕೆಂದು ತಂದಿಟ್ಟ ಗುಜ್ಜೆಗಳನ್ನೆಲ್ಲ ಸಿಪ್ಪೆ ತೆಗೆದು, ಒಂದೇ ಅಳತೆಗೆ ಹೆಚ್ಚಿ, ದೊಡ್ಡ ಪಾತ್ರೆಯ ನೀರಿನಲ್ಲಿ ಹಾಕಿಟ್ಟಿದ್ದರು. ಹೆಣೆಯಲಿಕ್ಕಿದ್ದ ಮಡಲುಗಳೂ ಹೆಣೆದು ಮುಗಿದು ಗೋಡೆಗೆ ಒರಗಿದ್ದವು. ಅತ್ತೆ ಒಂದು ಮೂಲೆಯಲ್ಲಿ ಕೂತು ಕತ್ತಿಗೆ ಅಂಟಿದ ಗುಜ್ಜೆಯ ಮೇಣವನ್ನು ತೆಂಗಿನೆಣ್ಣೆ ಹಚ್ಚಿ ಉಜ್ಜುತ್ತಿದ್ದರು. ನನ್ನನ್ನು ಕಂಡು ನಕ್ಕರು. ಕೆಲಸ ಮುಗಿಸಿ ಶಭಾಸ್ ಎನಿಸಿಕೊಳ್ಳಲು ಕಾಯುವವರ ನಗು ಅದು.

ಮಂಗಳೂರಿನಿಂದ ಬಂದ ಒಬ್ಬರು ಹೊಸ ಏಪ್ರನ್ ಕಟ್ಟಿಕೊಂಡು ತಯಾರಾಗಿದ್ದರು. "ಇದನ್ನು ನಾವು ಮಾಡ್ಲಿಕ್ಕೆ ಅಲ್ವಾ ಬಂದದ್ದು?" ಎಂದರು.

"ಬೇಡ ಬೇಡ. ಅಷ್ಟು ದೂರದಿಂದ ಬಂದ ನೆಂಟರ ಕೈಗೆ ಮೇಣ ಮಾಡಿಸುದಾ? ಕೂತ್ಕೊಳ್ಳಿ ನೀವು, ಪಾನಕ ಕುಡೀರಿ."

"ಅಲ್ಲಮ್ಮ, ನಮಗೆ ಕಲೀಬೇಕು."

"ಕಲೀಲಿಕ್ಕೆ ಎಂತ ಉಂಟು ಇದರಲ್ಲಿ? ಹೆಚ್ಚುದು ಅಷ್ಟೇ."

ಹೀಗೆ ನಮ್ಮ ಶಿಬಿರದ ಬುಡಕ್ಕೇ ಅವರು ಕೊಡಲಿ ಹಾಕಿದರು. ಒಬ್ಬರು ಹಸಿ ಮಡಲೊಂದನ್ನು ಎಲ್ಲಿಂದಲೋ ಹುಡುಕಿ, ದನದ ಕೊಟ್ಟಿಗೆಯ ಹಿಂದೆ ಕದ್ದು ಕೂತು ಹೆಣೆಯುತ್ತಿದ್ದರು. ಅತ್ತೆ ಅವರನ್ನೂ ಕಂಡುಹಿಡಿದು, "ಕೊಡಿ ಇಲ್ಲಿ" ಎಂದು ಕೈಯಿಂದ ತೆಗೆದುಕೊಂಡು ತಾವೇ ಹೆಣೆದು ಮುಗಿಸಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅವರನ್ನು ತಡೆಯಲು ಹೋದರೆ ಬಂದವರ ಮುಂದೆ ಜಗಳವಾಗುತ್ತದೆ; ಬಿಟ್ಟರೆ ಬಂದವರಿಗೆ ಕೆಲಸವಿಲ್ಲ. ನಾನು ಎಲ್ಲರಿಗೂ ಮತ್ತೊಮ್ಮೆ ರಬ್ಬರು ತೋಟ ತೋರಿಸಿದೆ. ಅದೇ ಮರಗಳನ್ನು ಎರಡನೆಯ ಸಲ ನೋಡುವಾಗಲೂ ಅವರು ಪಾಪ ತಲೆಯಾಡಿಸಿದರು.

ಮಧ್ಯಾಹ್ನ ಎಲ್ಲರ ಊಟವಾಗಿ, ಬಡಿಸಿದವರ ಪಂಕ್ತಿಯಲ್ಲಿ ಕಟ್ಟಕಡೆಗೆ ಅತ್ತೆ ಕೂತರು. ಅಷ್ಟು ಹಸಿದು, ಅಷ್ಟು ದಣಿದು, "ಇವತ್ತು ಅನ್ನ ಇಳಿಯಿತು ನನಗೆ" ಎನ್ನುತ್ತಾ ಅನ್ನಕ್ಕೆ ಮತ್ತೆ ಸಾರು ಹಾಕಿಸಿಕೊಂಡರು. ನಾನು ಸಿಟ್ಟಿನಲ್ಲಿದ್ದೆ, ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ರಾತ್ರಿಯಾಗುವ ಮೊದಲೇ ಶಿಬಿರದ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರ ಅಭಿಪ್ರಾಯ ಬಂತು: "ಊಟ ಬಹಳ ರುಚಿಯಾಗಿತ್ತು. ಕುಳಿತುಕೊಳ್ಳುವುದನ್ನು ಕಲಿತೆವು." ಅದಕ್ಕೆ ಉಳಿದವರೆಲ್ಲ ಹೆಬ್ಬೆರಳು ಒತ್ತಿದ್ದರು.

ಎರಡನೆಯ ಶಿಬಿರ ಹತ್ತಿರ ಬಂದಾಗ ಲಿಸ್ಸಿ ಫೋನು ಮಾಡಿದಳು.

"ಟೀಚರೇ, ಈ ಸಲವೂ ಹಾಗೇ ಆದ್ರೆ ಮತ್ತೆ ಯಾರೂ ಬರ್ಲಿಕ್ಕಿಲ್ಲ. ನಾವು ಮುಚ್ಚುದೇ. ಆಂಟಿಗೆ ನೀವೇ ಹೇಳ್ಬೇಕು. ನಾನು ಯಾವ ಬಾಯಲ್ಲಿ ಹೇಳುದು? ಹೋಗುವಾಗ ನನ್ನ ಪಾತ್ರೆಯನ್ನೆಲ್ಲ ಬೆಳಗಿಟ್ಟು ಹೋದವರು ಅವರು."

ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಈಗ ಹೇಳಿ, ನೀವು ಯಾರ ಪಕ್ಷ?

ಫೋನಿನಲ್ಲಿ ಹೇಳೋಣವೆಂದು ಕೈಗೆತ್ತಿಕೊಂಡೆ. ಅಪ್ಪನ ತಂಗಿಗೆ ಬರಬೇಡಿ ಎನ್ನುವ ಮಾತನ್ನು ಫೋನಿನಲ್ಲಿ ಹೇಳಲು ನಾಚಿಕೆಯಾಯಿತು. ಎದುರಿಗೆ ಕೂತು ಮೆಲ್ಲಗೆ ತಿಳಿಸುವುದೇ ಮರ್ಯಾದೆ ಎನಿಸಿತು. ಶಾಲೆ ಬಿಟ್ಟ ಮೇಲೆ ಬೆಳ್ಳಾರೆಯ ಬಸ್ಸು ಹತ್ತಿ, ಅಲ್ಲಿಂದ ಐವರ್ನಾಡಿಗೆ ಇನ್ನೊಂದು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಮಾತನ್ನು ಹೊಂದಿಸಿಕೊಂಡೆ. "ಅತ್ತೆ, ನಿಮಗೂ ವಯಸ್ಸಾಯ್ತು, ಸುಮ್ಮನೆ ಯಾಕೆ ಓಡಾಟ" ಎಂದು ಸುರುಮಾಡುವುದು. ಅದಕ್ಕೆ ಅವರು "ನನಗೆಂತ ಆಗಿದೆ" ಎನ್ನುತ್ತಾರೆ. ಆಗ ಮೆಲ್ಲಗೆ ಲಿಸ್ಸಿಯ ಹೆಸರು ತೆಗೆಯುವುದು. ಇದು ಹೇಡಿತನವೆಂದು ನನಗೂ ಗೊತ್ತಿತ್ತು.

ಅತ್ತೆಯ ಮನೆಯ ತಿರುವಿನಲ್ಲಿ ನೆರೆಮನೆಗೆ ಶಾಮಿಯಾನ ಹಾಕಿದ್ದರು. ಮರುದಿನ ಗೃಹಪ್ರವೇಶವಂತೆ. ಬಣ್ಣದ ಬಲ್ಬುಗಳು ಉರಿಯುತ್ತಿದ್ದವು. ಹಾಗಾದರೆ ಅತ್ತೆ ಕತ್ತಿ ಹಿಡಿದುಕೊಂಡು ಅಲ್ಲೇ ಇರುತ್ತಾರೆ, ಇವತ್ತು ಸಿಗುವುದಿಲ್ಲ, ಹೇಳುವ ಕೆಲಸ ತಪ್ಪಿತು ಎಂದು ಒಳಗೊಳಗೇ ಸಂತೋಷವಾಯಿತು. ನೋಡಿದರೆ ಅತ್ತೆ ತಮ್ಮ ಮನೆಯ ಜಗಲಿಯಲ್ಲೇ ಕೂತಿದ್ದರು. ಕೈಯಲ್ಲಿ ಏನೂ ಇರಲಿಲ್ಲ. ಅವರು ಸುಮ್ಮನೆ ಕೂತದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ.

"ಇದೆಂತ ಅತ್ತೆ, ಅಲ್ಲಿಗೆ ಹೋಗ್ಲಿಲ್ವಾ?"

"ನಾಳೆ ಊಟಕ್ಕೆ ಹೇಳಿದ್ದಾರೆ."

"ಇವತ್ತು ಸಂಜೆಗೆ?"

"ಇವತ್ತಿಗೆ ಹೇಳ್ಲಿಲ್ಲ. ಪುತ್ತೂರಿನ ಕ್ಯಾಟರಿಂಗಿನವರು ಬರ್ತಾರಂತೆ. ಹೆಚ್ಚಿಯೇ ತರ್ತಾರಂತೆ ಎಲ್ಲ."

ಎದ್ದು ಒಳಗೆ ಹೋಗಿ ಬೆಲ್ಲ ನೀರು ತಂದಿಟ್ಟರು. ಶಾಮಿಯಾನದ ಕಡೆ ನೋಡುತ್ತಾ ಮೆಲ್ಲಗೆ ಮಾತಾಡಿದರು.

"ಈಗ ಎಲ್ಲ ಕಡೆ ಹಾಗೇ ಅಲ್ವಾ. ಅವರದ್ದೂ ತಪ್ಪಿಲ್ಲ, ಸುಲಭ ಆಗ್ತದೆ. ಮೊನ್ನೆ ಆಚೆಮನೆಯ ಮದುವೆಗೆ ಕೇಳದೆಯೇ ಹೋದೆ, ಕತ್ತಿ ತಕ್ಕೊಂಡು. ಅಡುಗೆಯವನು, ಅಜ್ಜಿ ನೀವು ಆಚೆ ಕುರ್ಚಿಯಲ್ಲಿ ಕೂತ್ಕೊಳ್ಳಿ, ಇಲ್ಲಿ ಕಾಲಿಗೆ ಸಿಕ್ಕುದು ಬೇಡ ಅಂತ ಹೇಳಿದ. ಕೂತೆ. ಚೀಲವನ್ನು ಸೆರಗಿನ ಅಡಿಯಲ್ಲಿ ಇಟ್ಕೊಂಡು ಕೂತೆ, ಒಳಗೆ ಕತ್ತಿ ಉಂಟು ಅಂತ ಯಾರಿಗೂ ಗೊತ್ತಾಗುದು ಬೇಡ ಅಂತ. ಮರುದಿನ ಊಟಕ್ಕೆ ಕೂತರೆ ಅನ್ನ ಇಳಿಯುದಿಲ್ಲ ಮಾರಾಯ್ತಿ. ಕೈ ಒದ್ದೆ ಮಾಡದೆ ಒಬ್ಬರ ಮನೆಯ ಎಲೆಯ ಮುಂದೆ ಕೂತ್ಕೊಳ್ಳಿಕ್ಕೆ ನಾಚಿಕೆ ಆಗ್ತದೆ ನನಗೆ."

ನಾನು ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಇಷ್ಟು ದಿನ ನಾಚಿಕೆ ನನ್ನ ಪಾಲಿನದು ಎಂದುಕೊಂಡಿದ್ದೆನಲ್ಲ!

"ಆ ಕೋರ್ಸಿನವರು ಮಾತ್ರ ಈಗಲೂ ಎಲ್ಲರೂ ಬನ್ನಿ ಅಂತ ಹೇಳುದು" ಎಂದು ಅತ್ತೆ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತರು.

"ಇರ್ಲಿ. ತಿಂಗಳಾಯ್ತಲ್ಲ, ಈ ಭಾನುವಾರ ನಿಮ್ಮಲ್ಲಿ ಶಿಬಿರ ಉಂಟು ಅಂತ ಆಯ್ತು. ನೀನು ಶಾಲೆ ಮುಗಿಸಿ, ಎರಡು ಬಸ್ಸು ಹತ್ತಿ, ಮನೆಗೇ ಬಂದಿದ್ದಿ. ಈಗ ಯಾರು ಹೀಗೆ ಮನೆಗೆ ಬಂದು ಹೇಳ್ತಾರೆ? ಗೇಟಿನಲ್ಲಿ ನಿನ್ನನ್ನು ನೋಡುವಾಗಲೇ ಗೊತ್ತಾಯ್ತು ನನಗೆ. ಬೆಲ್ಲ ನೀರು ಕುಡಿ. ಕುಡಿದು ಹೇಳು."

ಬಸ್ಸಿನಲ್ಲಿ ಹೊಂದಿಸಿಕೊಂಡ ಮಾತೆಲ್ಲ ನೆನಪಿತ್ತು. ನೆರೆಮನೆಯ ಮೈಕಿನಲ್ಲಿ ಯಾರೋ ಹಲೋ ಹಲೋ ಎಂದು ಪರೀಕ್ಷೆ ಮಾಡುತ್ತಿದ್ದರು. ಅತ್ತೆ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಬೆಲ್ಲ ಕಚ್ಚಿ, ನೀರು ಕುಡಿದು, ಲೋಟ ಕೆಳಗಿಟ್ಟೆ.

"ಭಾನುವಾರ ಕೋಡಿಂಬಾಳದಲ್ಲಿ ಶಿಬಿರ ಉಂಟು ಅತ್ತೆ. ಶನಿವಾರ ಸಂಜೆಗೇ ನೀವು ಬರಬೇಕು. ಕತ್ತಿ ತರಬೇಕು."

ಅತ್ತೆ ತಲೆಯಾಡಿಸಿದರು. ಲಿಸ್ಸಿಯ ಮುಖ ನೆನಪಾಗಿ ನಾನು ಮೆಲ್ಲಗೆ ಸೇರಿಸಿದೆ.

"ಬಂದವರಿಗೂ ಹೆಚ್ಚಲಿಕ್ಕೆ ಒಂದಷ್ಟು ಗುಜ್ಜೆ ಬಿಡಬೇಕು ಅತ್ತೆ. ಅವರಿಗೂ ಕೈ ಒದ್ದೆ ಮಾಡದೆ ಊಟ ಇಳಿಯುದಿಲ್ಲವಂತೆ."

ಅತ್ತೆ ನನ್ನ ಕಡೆ ಬಾಗಿದರು. "ಹಾಗಾ? ಅದನ್ನು ಮೊದಲೇ ಹೇಳ್ಬೇಕಲ್ವಾ ನೀನು? ಪಾಪ, ನಾನು ಎಲ್ಲರ ಕೈಯಿಂದಲೂ ಕೆಲಸ ಕಿತ್ತುಕೊಂಡೆ" ಎಂದರು. ನಾಚಿಕೆಯಿಂದ ಅವರ ಮುಖ ಕೆಂಪಾಯಿತು. ಏನನ್ನೋ ನೆನಪಿಸಿಕೊಂಡವರ ಹಾಗೆ ಎದ್ದು ಒಳಗೆ ಹೋದರು.

ನಾನು ಜಗಲಿಯಲ್ಲಿ ಕೂತು ಲಿಸ್ಸಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮನೆಯ ಹಿಂದಿನಿಂದ, ಕಲ್ಲಿಗೆ ನೀರು ಹಾಕಿ ಕತ್ತಿ ಮಸೆಯುವ ಸದ್ದು ಕೇಳಿಸತೊಡಗಿತು.